ಬೇರೆಯವಳ ಕೈ

ಫೋಟೊದಲ್ಲಿರುವ ಮುಖ ನನ್ನ ಚಿಕ್ಕಮ್ಮನದು. ಕೈಗಳು ಅವಳವಲ್ಲ.

ಆ ಫೋಟೊ ನೀವೂ ನೋಡಿರುತ್ತೀರಿ. ಬಸ್ಸಿನ ಬೆನ್ನ ಮೇಲಿತ್ತು, ಅಂಗಡಿಗಳ ಶಟರ್ ಮೇಲಿತ್ತು. ಫೋನ್ ತೆರೆದು ನಾಲ್ಕು ಸಲ ಬೆರಳಾಡಿಸುವಷ್ಟರಲ್ಲಿ ಎದುರಿಗೆ ಬಂದು ನಿಲ್ಲುತ್ತಿತ್ತು. ಹಳದಿ ಅಂಗಿ ತೊಟ್ಟ ನಡುವಯಸ್ಸಿನ ಹೆಂಗಸು. ಕಣ್ಣಿನ ಸುತ್ತ ಸುಕ್ಕು, ಮುಂದಿನ ಹಲ್ಲೊಂದು ಓರೆ, ನಿಮ್ಮನ್ನು ಮೊದಲೇ ಬಲ್ಲವಳಂತೆ ನಗು. ಎದೆಯ ಹತ್ತಿರ ನೆಲ ಒರೆಸುವ ದ್ರವದ ನೀಲಿ ಬಾಟಲಿ. ಬಾಟಲಿ ಹಿಡಿದ ಬೆರಳುಗಳು ಮಾತ್ರ ಬೆಣ್ಣೆಯಲ್ಲಿ ಅದ್ದಿ ತೆಗೆದಂತೆ. ಮೂವತ್ತು ವರ್ಷ ನೆಲ ಒರೆಸಿದವಳಿಗೆ ಇಂಥ ಬೆರಳು ಎಲ್ಲಿಂದ ಬಂತು? ಲಕ್ಷಗಟ್ಟಲೆ ಜನ ನೋಡಿದರು. ಒಬ್ಬರೂ ಕೇಳಲಿಲ್ಲ.

ನಾನು ಕೇಳಬಹುದಿತ್ತು. ಆ ಫೋಟೊ ತೆಗೆಯುವಾಗ ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ.

ನಮ್ಮ ಕಚೇರಿ ಮೂರನೇ ಮಹಡಿಯಲ್ಲಿತ್ತು. ಅಲ್ಲಿ ನಂಬಿಕೆ ತಯಾರಾಗುತ್ತಿತ್ತು. ಬೇರೆ ಕಡೆ ಸೋಪು ತಯಾರಾಗುವ ಹಾಗೆ. ಹಾಳಾದ ಹೋಟೆಲಿಗೆ ಒಳ್ಳೆಯ ಹೆಸರು, ಬಿರುಕು ಬಿಟ್ಟ ಕಟ್ಟಡಕ್ಕೆ ಸುಖವಾಗಿರುವ ಸಂಸಾರ, ಕೂದಲು ಉದುರಿಸುವ ಎಣ್ಣೆಗೆ ನೂರು ಜನ ಹೆಂಗಸರ ಮೆಚ್ಚುಗೆ. ಆ ನೂರು ಹೆಂಗಸರಲ್ಲಿ ಮೂವತ್ತು ಜನ ನಾನೇ. ಡಿಗ್ರಿ ಮುಗಿಸಿ ಬಂದವಳು, ಯಾರ ಜೊತೆಗೂ ಮಾತು ಕಡಿಮೆ, ಬರೆಯುವುದೊಂದೇ ಗೊತ್ತು. ಅಂಥವರೇ ಬೇಕಾಗಿತ್ತು ಅವರಿಗೆ. ಬಾಯಿ ಇಲ್ಲದವರು ಬೇರೆಯವರ ಬಾಯಿ ಹಾಕಿಕೊಂಡು ಚೆನ್ನಾಗಿ ಮಾತಾಡುತ್ತಾರೆ.

ಮಾಲೀಕನಿಗೆ ಚಿಕ್ಕಮ್ಮ ಇಟ್ಟ ಹೆಸರು ಬ್ರ್ಯಾಂಡಪ್ಪ. ಸೀನಿದರೂ ಬ್ರ್ಯಾಂಡ್, ಕೆಮ್ಮಿದರೂ ಬ್ರ್ಯಾಂಡ್. "ಅವರಪ್ಪ ಅಮ್ಮ ಹೆಸರಿಡೋವಾಗ ಎಡವಟ್ಟು ಮಾಡಿದ್ರು, ನಾನು ಸರಿಮಾಡ್ದೆ" ಎಂದು ಮನೆಯಲ್ಲಿ ನಗುತ್ತಿದ್ದಳು.

ಮನೆಯಲ್ಲಿ ಮಾತ್ರ. ಕಚೇರಿಯಲ್ಲಿ ಅವಳು ನನಗೆ ಯಾರೂ ಅಲ್ಲ. ಅದು ಅವಳೇ ಹಾಕಿದ ಕಟ್ಟಳೆ. ಅಲ್ಲಿ ಕೆಲಸ ಖಾಲಿಯಿದೆ ಎಂದು ಕಿವಿಗೆ ಬಿದ್ದದ್ದು ಅವಳಿಗೆ, ಬಾತ್‌ರೂಮ್ ಉಜ್ಜುವಾಗ. ನಾನು ಸೇರುವ ಹಿಂದಿನ ದಿನ ತಲೆ ಬಾಚುತ್ತಾ ಹೇಳಿದಳು, "ನೋಡು ಪುಟ್ಟಿ, ಅಲ್ಲಿ ನಾನ್ಯಾರೋ ನೀನ್ಯಾರೋ. ಕಕ್ಕಸು ತೊಳೆಯೋಳ ಅಕ್ಕನ ಮಗಳು ಅಂತ ಗೊತ್ತಾದ್ರೆ ನಿನ್ನ ಕುರ್ಚೀನೂ ಒಂದ್ಸಲ ಮೂಸಿ ನೋಡ್ತಾರೆ." ಅಮ್ಮ ಸತ್ತಾಗಿನಿಂದ ನನ್ನನ್ನು ಸಾಕಿದವಳು. ಓದಿಸಿದವಳು. ನಾನು ಬೇಡ ಎನ್ನಬೇಕಿತ್ತು. ನನಗೆ ಹಾಯೆನಿಸಿತು.

ಅವಳು ಹಿಂದಿನ ಮೆಟ್ಟಿಲಿನಿಂದ ಬರುತ್ತಿದ್ದಳು, ನಾನು ಮುಂದಿನ ಲಿಫ್ಟಿನಿಂದ. ನಮ್ಮ ಯಂತ್ರದ ನೀರು ಅವಳು ಕುಡಿಯುವಂತಿರಲಿಲ್ಲ. ಬರೆದಿಟ್ಟ ನಿಯಮವೇನಲ್ಲ. ಒಮ್ಮೆ ಅವಳು ಲೋಟ ಹಿಡಿದಾಗ ರಿಸೆಪ್ಷನ್ ಹುಡುಗಿ "ಅಲ್ಲಿ ಕೆಳಗೆ ನಲ್ಲಿ ಇದೆಯಲ್ಲಮ್ಮ" ಎಂದಳು, ಅಷ್ಟೇ. ನಾನು ಪರದೆಯಿಂದ ಕಣ್ಣು ಎತ್ತಲಿಲ್ಲ. ಒಮ್ಮೆ ನನ್ನ ಮೇಜಿನ ಮೇಲೆ ಚಹಾ ಚೆಲ್ಲಿದಾಗ ನಾನೇ ಕೂಗಿದೆ, "ಏನಮ್ಮಾ, ಇಲ್ಲೊಂದು ಸ್ವಲ್ಪ ಒರೆಸು." ಅವಳು ಬಂದು ಒರೆಸಿದಳು. ನನ್ನ ಮುಖ ನೋಡಲಿಲ್ಲ.

ಹಾಗೆ ಒರೆಸುತ್ತಿದ್ದಾಗಲೇ ಬ್ರ್ಯಾಂಡಪ್ಪನ ಕಣ್ಣಿಗೆ ಬಿದ್ದಳು.

ನೆಲ ಒರೆಸುವ ದ್ರವದ ಕಂಪನಿಯೊಂದು ನಮ್ಮ ಗಿರಾಕಿ. ಒಂಬತ್ತು ಮಾಡೆಲ್‌ಗಳ ಫೋಟೊ ಹಾಕಿ ಪರೀಕ್ಷೆ ಮಾಡಿದ್ದಾಗಿತ್ತು. ಜನ ನೋಡಿ ಮುಂದೆ ಹೋಗುತ್ತಿದ್ದರು. ಒಂದು ಮುಖವನ್ನೂ ನಂಬುತ್ತಿರಲಿಲ್ಲ. ಬ್ರ್ಯಾಂಡಪ್ಪ ತಲೆ ಕೆಡಿಸಿಕೊಂಡು ಓಡಾಡುತ್ತಿದ್ದವನು ಗಕ್ಕನೆ ನಿಂತ.

"ಏಯ್, ಇದು! ಈ ಮುಖ! ಇಷ್ಟು ದಿನ ಎಲ್ಲಿತ್ತು ಇದು?"

"ಇಲ್ಲೇ ಇತ್ತು ಸಾರ್, ಆರು ವರ್ಷದಿಂದ" ಎಂದಳು ಚಿಕ್ಕಮ್ಮ.

ಮರುದಿನ ಫೋಟೊ. ಕ್ಯಾಮೆರಾದವನು ಅವಳ ಕೈಗೆ ಬಾಟಲಿ ಕೊಟ್ಟ, ಕಣ್ಣು ಕಿರಿದು ಮಾಡಿದ. "ಸರ್, ಈ ಕೈ ಬೇಡ." ಬೆರಳ ಗೆಣ್ಣುಗಳು ಊದಿ ಕಪ್ಪಾಗಿದ್ದವು. ಉಗುರುಗಳು ತಿಂದು ಹೋಗಿದ್ದವು. ಅಂಗೈಯಲ್ಲಿ ಸೀಳು. ಬ್ರ್ಯಾಂಡಪ್ಪ ನೋಡಿ ಮುಖ ಹಿಂಡಿದ. "ಛೆ. ಇದನ್ನ ನೋಡಿದ್ರೆ ಯಾರು ಕೊಂಡ್ಕೊಳ್ತಾರೆ?"

ರಿಸೆಪ್ಷನ್ ಹುಡುಗಿಯ ಕೈ ಚೆನ್ನಾಗಿತ್ತು. ಚಿಕ್ಕಮ್ಮನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಲು ಹೇಳಿದರು. ಹುಡುಗಿ ಹಿಂದೆ ನಿಂತು, ಚಿಕ್ಕಮ್ಮನ ಕಂಕುಳ ಕೆಳಗಿನಿಂದ ತನ್ನ ಕೈ ತೂರಿಸಿ ಬಾಟಲಿ ಹಿಡಿಯಬೇಕು. ಹುಡುಗಿ ಅಳುವ ಮುಖ ಮಾಡಿದಳು. "ಸರ್, ವಾಸನೆ." ಯಾರೋ ಸೆಂಟು ತಂದರು. ಚಿಕ್ಕಮ್ಮನ ತೋಳೆತ್ತಿಸಿ, ಎಲ್ಲರ ಎದುರಿಗೆ, ಗೋಡೆಗೆ ಹಲ್ಲಿ ಔಷಧಿ ಹೊಡೆದ ಹಾಗೆ ಹೊಡೆದರು. ಅವಳ ಕಣ್ಣಲ್ಲಿ ನೀರು ಬಂತು. ಸೆಂಟಿಗೋ ಏನೋ. ಎರಡು ಗಂಟೆ ಹಾಗೇ ನಿಂತಳು. ಭುಜ ಹಿಡಿದುಕೊಂಡಿತು.

ಮನೆಗೆ ಬಂದು ಹೇಳಿದ್ದು ಒಂದೇ ಮಾತು. "ಮೂವತ್ತು ವರ್ಷಕ್ಕೆ ನಂಗೂ ಒಬ್ಬಳು ಕೈಯಾಳು ಸಿಕ್ಲು ನೋಡು." ತಾನೇ ಜೋರಾಗಿ ನಕ್ಕಳು. ನಾನೂ ನಕ್ಕೆ. ಆಮೇಲೆ ಡೈರಿಯಲ್ಲಿ ಆ ಮಾತನ್ನು ಬರೆದುಕೊಂಡೆ.

ಆ ಡೈರಿಯ ವಿಷಯ ಹೇಳಬೇಕು. ಎಂಟನೇ ಕ್ಲಾಸಿನಿಂದ ಚಿಕ್ಕಮ್ಮ ಆಡಿದ ಮಾತುಗಳನ್ನು ಬರೆದಿಡುತ್ತಾ ಬಂದಿದ್ದೆ. ಮಾತಾಡಲು ಬಾರದವಳಿಗೆ ಅವಳ ಮಾತೆಂದರೆ ಆಸೆ. ಯಾರಿಗೂ ತೋರಿಸಿರಲಿಲ್ಲ.

ಚಿಕ್ಕಮ್ಮನ ಮುಖಕ್ಕೆ ಒಂದು ಪುಟ ತೆರೆದರು. ‘ನಿಮ್ಮ ಮನೆಯಕ್ಕ’. ದಿನಕ್ಕೊಂದು ಮಾತು ಹಾಕಬೇಕು, ಜನ ಕೇಳಿದ್ದಕ್ಕೆ ಉತ್ತರ ಬರೆಯಬೇಕು. ಆ ಕೆಲಸ ನನಗೆ ಬಂತು. ಚಿಕ್ಕಮ್ಮನಿಗೆ ಹೇಳಲಿಲ್ಲ. ಮೊದಲ ವಾರ ಬರೆದದ್ದನ್ನು ಬ್ರ್ಯಾಂಡಪ್ಪ ಎಸೆದ. "ಇದು ಪುಸ್ತಕ ಓದಿದೋಳ ಮಾತು. ನೆಲ ಒರೆಸೋಳ ಮಾತು ಬೇಕು." ಕೆಲಸ ಹೋಗುತ್ತದೆ ಎಂದು ಹೆದರಿದೆ. ಡೈರಿ ತೆಗೆದೆ.

‘ನಾನು ಒರೆಸಿದ ನೆಲದ ಮೇಲೆ ಮಗು ಬಿದ್ದು ಹೊರಳಾಡ್ಲಿ, ನಂಗೆ ಕಣ್ತುಂಬ ನಿದ್ದೆ ಬರ್ತದೆ ಕಣಮ್ಮ.’ ಇದು ಅವಳ ಮಾತು. ನಮ್ಮ ಓಣಿಯಲ್ಲಿ ನಲ್ಲಿಯ ಹತ್ತಿರ ಎಷ್ಟು ಸಲ ಆಡಿದ್ದಳೋ. ಅದರ ಕೆಳಗೆ ನೀಲಿ ಬಾಟಲಿಯ ಚಿತ್ರ ಅಂಟಿಸಿದೆ. ಎರಡು ದಿನದಲ್ಲಿ ನಲವತ್ತು ಸಾವಿರ ಲೈಕ್. ಬ್ರ್ಯಾಂಡಪ್ಪ ಎಲ್ಲರ ಎದುರು ನನ್ನ ಬೆನ್ನು ತಟ್ಟಿದ. "ಎಲ್ಲಿಂದ ಬರುತ್ತೆ ನಿಂಗೆ ಇದು?" ನನ್ನ ಹಿಂದೆ ಚಿಕ್ಕಮ್ಮ ಕಸದ ಬುಟ್ಟಿ ಖಾಲಿ ಮಾಡುತ್ತಿದ್ದಳು.

ಮೂರು ತಿಂಗಳಲ್ಲಿ ಡೈರಿ ಅರ್ಧ ಖಾಲಿಯಾಯಿತು. ಹೆಂಗಸರು ಬರೆಯುತ್ತಿದ್ದರು. ‘ಅಕ್ಕಾ, ಗಂಡನ ಮನೇಲಿ ನೆಲದ ಕರೆ ಹೋಗ್ತಿಲ್ಲ’, ‘ಅಕ್ಕಾ, ನಿಮ್ಮ ಮಾತು ಕೇಳಿದ್ರೆ ನಮ್ಮಮ್ಮನ ನೆನಪು.’ ಒಬ್ಬಳು ಕೇಳಿದಳು, ‘ಅಕ್ಕಾ, ಇದಕ್ಕೆ ಗ್ಲೌಸ್ ಬೇಕಾ?’ ಕಂಪನಿ ಕೊಟ್ಟ ಹಾಳೆಯಲ್ಲಿ ‘ಬರಿಗೈಗೂ ಮೃದು’ ಎಂದಿತ್ತು. ನಾನು ಬರೆದೆ, ‘ಗ್ಲೌಸ್ ಯಾಕಮ್ಮ, ನಾನು ಬರಿಗೈಲೇ ಒರೆಸೋದು. ನೀರೂ ಬೆರೆಸ್ಬೇಡ, ಹಂಗೇ ಸುರಿ.’

ಚಿಕ್ಕಮ್ಮ ಆ ಬಾಟಲಿಯ ಮುಚ್ಚಳವನ್ನೂ ತೆಗೆದವಳಲ್ಲ. ನಮ್ಮ ಕಚೇರಿಯ ನೆಲಕ್ಕೆ ಅದು ನಿಷಿದ್ಧ. ಮೊದಲ ದಿನವೇ ಬ್ರ್ಯಾಂಡಪ್ಪ ಹೇಳಿದ್ದ, "ಅದನ್ನ ಇಲ್ಲಿ ಸುರೀಬೇಡಿ ಮಾರಾಯ್ರೇ, ನಂಗೆ ತಲೆ ಸಿಡಿಯುತ್ತೆ."

ನಮ್ಮ ಓಣಿಯಲ್ಲಿ ಇಪ್ಪತ್ತೊಂದು ಮನೆ. ಹದಿನೈದು ಮನೆಯ ಹೆಂಗಸರು ಬೇರೆಯವರ ನೆಲ ಒರೆಸುತ್ತಾರೆ. ಅವರೂ ನೀಲಿ ಬಾಟಲಿ ಕೊಂಡರು. ತಾವು ದುಡಿಯುವ ಮನೆಗಳಲ್ಲೂ ಹೇಳಿ ಕೊಳ್ಳಿಸಿದರು. ಜಾಹೀರಾತು ನೋಡಿ ಮರುಳಾಗುವವರಲ್ಲ ಅವರು. ಆ ಮಾತು ಅವರು ಬಲ್ಲ ಮಾತು. ನಲ್ಲಿಯ ಹತ್ತಿರ ಕಿವಿಯಾರೆ ಕೇಳಿದ ಮಾತು. ಅದಕ್ಕೇ ನಂಬಿದರು. ನಾನು ಚೆನ್ನಾಗಿ ಬರೆದಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಆಸ್ಪತ್ರೆಯಕ್ಕ ಬಾಗಿಲಿಗೆ ಬಂದಳು. ಆಸ್ಪತ್ರೆಯ ಉದ್ದನೆಯ ಮೊಗಸಾಲೆಗಳನ್ನು ಒರೆಸುವವಳು. ಅದಕ್ಕೇ ಆ ಹೆಸರು. ಚಿಕ್ಕಮ್ಮನಿಗಿಂತ ನಾಲ್ಕು ವರ್ಷ ದೊಡ್ಡವಳು, ಜೊತೆಗೇ ಈ ಕೆಲಸಕ್ಕೆ ಇಳಿದವಳು. ಹಿಂದೆ ಏಳೆಂಟು ಹೆಂಗಸರು. ಅವಳು ಎರಡೂ ಅಂಗೈ ಮುಂದೆ ಚಾಚಿದಳು. ಚರ್ಮ ಬೆಂದು ಸುಲಿದಿತ್ತು. ಬೆರಳ ಸಂದಿಯಲ್ಲಿ ಕೆಂಪಗೆ ಹಸಿ ಮಾಂಸ.

"ನೋಡೇ. ಕೆಲಸದಿಂದ ಮನೆಗೆ ಕಳ್ಸಿದಾರೆ. ಈ ಕೈಲಿ ಮುಖ ತೊಳ್ಕೊಳೋಕೂ ಆಗ್ತಿಲ್ಲ ನಂಗೆ."

"ಅಯ್ಯೋ ಅಕ್ಕಾ, ಏನಾಯ್ತೇ ಇದು?"

"ನನ್ನೇ ಕೇಳ್ತೀಯಾ? ನೀನೇ ತಾನೇ ಹೇಳಿದ್ದು? ಬರಿಗೈಲಿ ಒರೆಸು, ನೀರು ಬೆರೆಸ್ಬೇಡ ಅಂತ?"

"ನಾನು ಯಾವಾಗ ಹೇಳ್ದೆ?"

ಆಸ್ಪತ್ರೆಯಕ್ಕನ ಸೊಸೆ ಫೋನ್ ತೆಗೆದು ಓದಿದಳು. ಒಂದಾದ ಮೇಲೊಂದು. ಚಿಕ್ಕಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದಳು. ತನ್ನದೇ ಮಾತುಗಳು. ಕೈಯಾಳಿನ ಜೋಕು. ನನ್ನಮ್ಮ ಸತ್ತ ದಿನ ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೇಳಿದ ಮಾತು, ಅದಕ್ಕೂ ಬಾಟಲಿ ಅಂಟಿಸಿದ್ದೆ. ಆ ಮಾತು ಕೇಳಿದವಳು ಪ್ರಪಂಚದಲ್ಲಿ ನಾನೊಬ್ಬಳೇ. ಅವಳು ತಿರುಗಿ ನನ್ನನ್ನು ನೋಡಿದಳು. ಒಂದು ಉಸಿರಿನಷ್ಟು ಹೊತ್ತು.

ಆಮೇಲೆ ಹೆಂಗಸರ ಕಡೆ ತಿರುಗಿದಳು. "ಹೌದು. ನನ್ನ ಮಾತೇ ಅದು."

ಆಸ್ಪತ್ರೆಯಕ್ಕ ಹೊಸ್ತಿಲ ಪಕ್ಕ ಉಗಿದಳು. "ನಿನ್ನ ಮುಖ ನೋಡಿ ಕೊಂಡ್ವಲ್ಲೇ. ಎಷ್ಟಕ್ಕೆ ಮಾರ್ಕೊಂಡೆ?"

ಎಲ್ಲ ಹೋದ ಮೇಲೆ ಚಿಕ್ಕಮ್ಮ ಒಳಗೆ ಬಂದು ಗೋಡೆಗೆ ಒರಗಿ ಕೂತಳು. ನಾನು ಬೈಗುಳಕ್ಕೆ ಕಾದೆ. ಅವಳು ಕೇಳಿದ್ದು ಇಷ್ಟೇ, "ಇನ್ನೂ ಎಷ್ಟಿದೆ ಅದ್ರಲ್ಲಿ?" ಡೈರಿಯ ಬಗ್ಗೆ ಅವಳಿಗೆ ಗೊತ್ತಿತ್ತು. ಓದಲು ಬಾರದಿದ್ದರೂ ನಾನೇನು ಬರೆಯುತ್ತೇನೆ ಎಂದು ಅಷ್ಟು ವರ್ಷವೂ ಗೊತ್ತಿತ್ತು. ಆ ದಿನದಿಂದ ನಲ್ಲಿಯ ಹತ್ತಿರ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಕೊಡ ತುಂಬುವ ಸದ್ದು ಮಾತ್ರ. ಈ ಓಣಿಯಲ್ಲಿ ಜಗಳಕ್ಕೆ, ಕಾಯಿಲೆಗೆ, ಹೆರಿಗೆಗೆ ಅವಳ ಬಾಯಿಮಾತೇ ಸಾಕಾಗಿತ್ತು. ಅವಳಿಗಿದ್ದದ್ದು ಅದೊಂದೇ. ಬಾಡಿಗೆ ಮನೆ, ಸವೆದ ಮೊಣಕಾಲು, ಮತ್ತೆ ಅದು. ಅದನ್ನೂ ನಾನು ಬರೆದು ಮುಗಿಸಿದ್ದೆ.

ಅತ್ತ ಕಚೇರಿಯಲ್ಲೂ ಬೆಂಕಿ. ಬೇರೆ ಬೇರೆ ಊರುಗಳ ಹೆಂಗಸರು ಸುಟ್ಟ ಕೈಗಳ ಫೋಟೊ ಹಾಕುತ್ತಿದ್ದರು. ಎಲ್ಲ ಬೈಗುಳ ಹಳದಿ ಅಂಗಿಯವಳಿಗೆ. ಕಂಪನಿಗೆ ಮುಖವಿಲ್ಲ, ಬ್ರ್ಯಾಂಡಪ್ಪನಿಗೆ ಮುಖವಿಲ್ಲ. ಇದ್ದದ್ದು ಒಂದೇ ಮುಖ.

ಬ್ರ್ಯಾಂಡಪ್ಪ ಎಲ್ಲರನ್ನೂ ಕೂಡಿಸಿದ. ಸುಟ್ಟ ಕೈಗಳನ್ನು ದೊಡ್ಡ ಪರದೆಯ ಮೇಲೆ ಹಾಕಿಕೊಂಡು ಬಿಸ್ಕತ್ತು ತಿನ್ನುತ್ತಾ ಮಾತಾಡಿದ. "ನೋಡಿ, ಜನ ಇವಳನ್ನ ಇನ್ನೂ ಅಕ್ಕ ಅಂತಲೇ ಬೈತಿದಾರೆ. ಅಂದ್ರೆ ನಂಬಿಕೆ ಇನ್ನೂ ಇದೆ. ಇವಳೇ ಬಂದು ವಿಡಿಯೊದಲ್ಲಿ ಹೇಳ್ಲಿ. ನೀರು ಬೆರೆಸದೇ ಇದ್ದದ್ದು ನಿಮ್ಮ ತಪ್ಪು ಅಂತ. ಬೈಬೇಕು, ಪ್ರೀತಿಯಿಂದ. ದೊಡ್ಡಕ್ಕ ಬೈದ ಹಾಗೆ. ಕಂಪನಿಯವರು ನಾಳೆಯೇ ಬಾಟಲಿಗೆ ‘ನೀರು ಬೆರೆಸಿ’ ಅಂತ ಹೊಸ ಚೀಟಿ ಅಂಟಿಸ್ತಾರೆ." ನನ್ನ ಕಡೆ ಬೆರಳು ತೋರಿದ. "ನೀನು ಬರಿ. ಅವಳ ಭಾಷೇಲಿ."

ಬೆರೆಸಬೇಡ ಎಂದು ನಾವೇ ಬರೆದಿದ್ದೆವಲ್ಲ ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹಳೆಯ ಉತ್ತರಗಳನ್ನು ಅಳಿಸಿದೆ. ಹತ್ತು ನಿಮಿಷದಲ್ಲಿ ಹೊಸದು ಬರೆದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ: ಅದು ಚೆನ್ನಾಗಿ ಬಂದಿತ್ತು.

ಮಧ್ಯಾಹ್ನ ಚಿಕ್ಕಮ್ಮನಿಗೆ ಮತ್ತೆ ಹಳದಿ ಅಂಗಿ ತೊಡಿಸಿ ದೀಪಗಳ ಎದುರು ಕೂರಿಸಿದರು. ಕೈ ಮೇಜಿನ ಕೆಳಗೆ. ಅವಳಿಗೆ ಓದಲು ಬಾರದು. ಹಾಗಾಗಿ ನಾನು ಕ್ಯಾಮೆರಾದ ಪಕ್ಕ ನಿಂತು ಸಾಲು ಸಾಲಾಗಿ ಹೇಳಬೇಕು, ಅವಳು ಅದನ್ನೇ ಮತ್ತೆ ಹೇಳಬೇಕು.

ಹಾಳೆ ಹಿಡಿದೆ. ಮೊದಲ ಸಾಲು ಹೇಳಿದೆ. "ತಪ್ಪು ನಿಮ್ಮದೇ ಕಣ್ರಮ್ಮ."

"ಕೇಳಿಸ್ಲಿಲ್ಲ" ಎಂದಳು ಚಿಕ್ಕಮ್ಮ.

ಮತ್ತೆ ಹೇಳಿದೆ.

"ಕೇಳಿಸ್ಲಿಲ್ಲ."

"ಜೋರಾಗಿ ಹೇಳೇ ಹುಡುಗಿ, ಗಂಟಲಲ್ಲೇನು ಸಿಕ್ಕೊಂಡಿದೆ?" ಎಂದ ಬ್ರ್ಯಾಂಡಪ್ಪ.

ಚಿಕ್ಕಮ್ಮ ನನ್ನನ್ನೇ ನೋಡುತ್ತಿದ್ದಳು. ಆ ಕಟ್ಟಡದಲ್ಲಿ ಮೊದಲ ಸಲ ನೇರವಾಗಿ ಮುಖ ನೋಡುತ್ತಿದ್ದಳು. ಅವಳಿಗೆ ಕೇಳಿಸಿತ್ತು. ನನ್ನ ಬಾಯಿಂದ ಜೋರಾಗಿ, ಎಲ್ಲರ ಎದುರಿಗೆ, ಮೂರನೇ ಸಲ ಬರುತ್ತದೋ ಇಲ್ಲವೋ ನೋಡಬೇಕಾಗಿತ್ತು ಅವಳಿಗೆ. ಹಾಳೆ ಕೆಳಗಿಳಿಸಿದೆ. ಬಾಯಿ ತೆರೆದೆ.

"ಚಿಕ್ಕಮ್ಮಾ, ನನ್ನ ಕೈಲಾಗಲ್ಲ."

ರಿಸೆಪ್ಷನ್ ಹುಡುಗಿ ನನ್ನನ್ನೂ ಅವಳನ್ನೂ ನೋಡಿದಳು. ಬ್ರ್ಯಾಂಡಪ್ಪನ ಹುಬ್ಬು ಮೇಲೇರಿತು. "ಚಿಕ್ಕಮ್ಮನಾ? ನಿಂಗೆ ಇವಳು ಚಿಕ್ಕಮ್ಮನಾ?"

"ಹೌದು. ನನ್ನನ್ನ ಸಾಕಿದೋಳು."

ಈಗ ಹೊರಗೆ ಹಾಕುತ್ತಾನೆ ಅಂದುಕೊಂಡೆ. ಅವನ ಮುಖ ಅರಳಿತು. ಚಪ್ಪಾಳೆ ಹೊಡೆದ. "ಅಯ್ಯೋ, ಇಷ್ಟು ದಿನ ಹೇಳ್ಬಾರ್ದಾ! ಇದಿನ್ನೂ ಒಳ್ಳೇದು! ನೆಲ ಒರೆಸಿ ಅಕ್ಕನ ಮಗಳನ್ನ ಡಿಗ್ರಿ ಓದಿಸಿದೋಳು! ಏಯ್, ಇವಳನ್ನೂ ಪಕ್ಕದಲ್ಲಿ ಕೂರಿಸ್ರೋ, ತಬ್ಕೊಂಡು ಅಳ್ಲಿ ಇಬ್ರೂ!"

ಇವನ ಮುಖಕ್ಕೆ ಉಗಿದರೆ ಉಗುಳಿಗೂ ಒಂದು ಪುಟ ತೆರೆಯುತ್ತಾನೆ.

ಚಿಕ್ಕಮ್ಮ ಎದ್ದಳು. ಅಂಗಿಗೆ ಸಿಕ್ಕಿಸಿದ್ದ ಮೈಕು ಕಿತ್ತು ಮೇಜಿನ ಮೇಲಿಟ್ಟಳು. ಎರಡೂ ಕೈಗಳನ್ನು ಮೇಲೆತ್ತಿ ಮೇಜಿನ ಗಾಜಿನ ಮೇಲೆ ಹರಡಿದಳು. "ಕ್ಯಾಮೆರಾದಲ್ಲಿ ಇದನ್ನ ಹಿಡಿ."

ಕ್ಯಾಮೆರಾದವನು ಬ್ರ್ಯಾಂಡಪ್ಪನನ್ನು ನೋಡಿದ. ಬ್ರ್ಯಾಂಡಪ್ಪ ದೀಪ ಆರಿಸಲು ಸನ್ನೆ ಮಾಡಿದ. "ನಾಟಕ ಆಡ್ಬೇಡ. ಕೂತ್ಕೊ."

"ನನ್ನ ಮುಖ ತೆಗೆದ್ಹಾಕಿ ಎಲ್ಲಾ ಕಡೆಯಿಂದ."

"ಹಂಗೆಲ್ಲ ಆಗಲ್ಲಮ್ಮ. ಹೆಬ್ಬೆಟ್ಟು ಒತ್ತಿದೀಯ. ಐದು ವರ್ಷ ಆ ಮುಖ ಕಂಪನೀದು."

"ಹೌದಾ?" ಎಂದಳು. ಬಟನ್ ಬಿಚ್ಚಿ ಹಳದಿ ಅಂಗಿ ತೆಗೆದಳು. ಒಳಗೆ ಅವಳ ಕೆಲಸದ ನೀಲಿ ಅಂಗಿಯಿತ್ತು. "ಹಂಗಾದ್ರೆ ಮುಖ ಇಟ್ಕೊ. ಬಾಯಿ ನಂದು. ಇನ್ನು ಮೇಲೆ ನಿನ್ನ ಕಕ್ಕಸ್ಸು ನೀನೇ ಉಜ್ಕೊ. ಅಲ್ಲಿ ಸೆಂಟು ಹೊಡೆದ್ರೆ ಸಾಕಾಗಲ್ಲ, ಬಗ್ಗಬೇಕು."

ಯಾರೋ ಕಿಸಕ್ಕೆಂದು ನಕ್ಕು ಕೆಮ್ಮಿ ಮುಚ್ಚಿಕೊಂಡರು. ಚಿಕ್ಕಮ್ಮ ಮುಂದಿನ ಬಾಗಿಲಿನಿಂದ ಲಿಫ್ಟಿನ ಕಡೆ ಹೋದಳು.

ನಾನು ನನ್ನ ಮೇಜಿಗೆ ಓಡಿದೆ. ಪುಟ ಇನ್ನೂ ತೆರೆದೇ ಇತ್ತು. ಬರೆದೆ. ‘ಇಲ್ಲಿ ಬರೆದದ್ದೆಲ್ಲ ನಾನು. ಫೋಟೊದಲ್ಲಿರುವವರು ಈ ದ್ರವ ಮುಟ್ಟಿಲ್ಲ, ಒಂದು ಮಾತೂ ಹೇಳಿಲ್ಲ. ಆ ಕೈ ಅವರದಲ್ಲ. ನೀರು ಬೆರೆಸಬೇಡಿ ಎಂದವಳು ನಾನು. ದಯವಿಟ್ಟು ಬಳಸಬೇಡಿ.’ ಹನ್ನೊಂದು ನಿಮಿಷ ಉಳಿಯಿತು. ಅಷ್ಟರಲ್ಲಿ ಇನ್ನೂರು ಕಾಮೆಂಟ್. ಎಲ್ಲಕ್ಕಿಂತ ಮೇಲೆ ನಿಂತದ್ದು ಇದು: ‘ಇದೂ ಜಾಹೀರಾತೇ ಇರಬೇಕು, ಚೆನ್ನಾಗಿದೆ.’ ಅದಕ್ಕೆ ನೂರಾರು ನಗುವ ಮುಖಗಳು. ಆಮೇಲೆ ಪುಟ ನನ್ನ ಕೈಯಿಂದ ಹೋಯಿತು. ನನ್ನ ಕುರ್ಚಿಯೂ.

ಬಸ್ ನಿಲ್ದಾಣದಲ್ಲಿ ಚಿಕ್ಕಮ್ಮ ಸಿಕ್ಕಳು. ಪೋಸ್ಟಿನ ವಿಷಯ ಹೇಳಿದೆ. "ಅಲ್ಲಿ ಯಾಕೆ ಹೇಳ್ದೆ?" ಎಂದಳು. "ಅಲ್ಲಿ ಇರೋರು ಯಾರು? ನಡಿ. ಹೇಳೋ ಕಡೆ ಹೇಳು."

ಅಂದು ಸಂಜೆ ಹದಿನೈದು ಬಾಗಿಲು ತಟ್ಟಿದೆವು. ಪ್ರತಿ ಬಾಗಿಲಲ್ಲೂ ಚಿಕ್ಕಮ್ಮ ಸುಮ್ಮನೆ ನಿಂತಳು. ಮಾತು ನಾನೇ ಆಡಬೇಕಿತ್ತು. ನಾಲ್ಕು ಜನರ ನಡುವೆ ಹೆಸರು ಹೇಳಲೂ ಬೆವರುವವಳು ನಾನು. ಮೊದಲ ಮನೆಯಲ್ಲಿ ಅರ್ಧ ಹೇಳಿ ಅತ್ತೆ. "ಅಳೋದು ಆಮೇಲೆ, ಮೊದ್ಲು ಹೇಳು" ಎಂದಳು ಚಿಕ್ಕಮ್ಮ. ಕೆಲವರು ಪೂರ್ತಿ ಕೇಳದೆ ಬಾಗಿಲು ಹಾಕಿಕೊಂಡರು. ಒಬ್ಬಳು ನಕ್ಕಳು. "ಓದಿಸಿದ್ದಕ್ಕೆ ಚೆನ್ನಾಗಿ ತೀರಿಸಿದ್ಲು ಬಿಡು ನಿನ್ನ ಋಣ." ಒಬ್ಬಳು ನನ್ನ ಕೆನ್ನೆಗೆ ಹೊಡೆದಳು. ಚಿಕ್ಕಮ್ಮ ತಡೆಯಲಿಲ್ಲ. ಪ್ರತಿ ಮನೆಯಲ್ಲೂ ನೀಲಿ ಬಾಟಲಿ ಹೊರಗಿಡಿಸಿದೆವು.

ಆಸ್ಪತ್ರೆಯಕ್ಕ ಹಿತ್ತಲಲ್ಲಿ ಮಣೆಯ ಮೇಲೆ ಕೂತಿದ್ದಳು. ಎರಡೂ ಕೈಗೆ ಬಟ್ಟೆ ಸುತ್ತಿತ್ತು. ಪಕ್ಕದಲ್ಲಿ ಮೂರು ದಿನದ ಪಾತ್ರೆ ರಾಶಿ. ಸೊಸೆ ಈಗ ಅವಳ ಬದಲು ಆಸ್ಪತ್ರೆಯ ನೆಲ ಒರೆಸಲು ಹೋಗಿದ್ದಳು. ನಾನು ಹೇಳಿದೆ. ಈ ಸಲ ಅಳಲಿಲ್ಲ. ಡೈರಿಯಿಂದ ಹಿಡಿದು ಎಲ್ಲ ಹೇಳಿದೆ.

ಅವಳು ಕೇಳಿಸಿಕೊಂಡಳು. ಚಿಕ್ಕಮ್ಮನ ಕಡೆ ತಿರುಗಿದಳು. "ಆವತ್ತು ಯಾಕೇ ನನ್ನ ಮಾತೇ ಅಂದೆ?"

"ಮಾತು ನಂದೇ ಅಲ್ವೇನಕ್ಕ. ಆಡಿದ್ದು ನಾನಲ್ಲ, ಅಷ್ಟೇ. ಮಗೂನ ನಿಮ್ಮ ಕೈಗೆ ಹೆಂಗೆ ಕೊಡ್ಲಿ?"

"ಈಗ ಕೊಟ್ಯಾ?"

"ಈಗ ಅವಳೇ ಬಂದ್ಲು."

ಆಸ್ಪತ್ರೆಯಕ್ಕ ನನ್ನ ಕಡೆ ತಿರುಗಿದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನನ್ನ ಬೆರಳುಗಳನ್ನು ನೋಡಿದಳು. ಅವು ಆ ರಿಸೆಪ್ಷನ್ ಹುಡುಗಿಯ ಬೆರಳುಗಳಿಗಿಂತ ಏನೂ ಬೇರೆಯಾಗಿರಲಿಲ್ಲ. ಚಿಕ್ಕಮ್ಮ ಅವನ್ನು ಹಾಗೆ ಉಳಿಸಿದ್ದಳು.

"ನಿನ್ನ ಮಾತು ನಂಗೆ ಬೇಡ" ಎಂದಳು ನನಗೆ. "ಬೇಕಾದಷ್ಟು ಆಡ್ದೆ."

ಕಾಲಿನಿಂದ ಪಾತ್ರೆಯ ರಾಶಿಯನ್ನು ನನ್ನ ಕಡೆ ತಳ್ಳಿದಳು. ಎಲ್ಲಕ್ಕಿಂತ ಮೇಲೆ ಸೀದು ಕರಿಹಿಡಿದ ದೊಡ್ಡ ಪಾತ್ರೆ. ಚಿಕ್ಕಮ್ಮ ಬಗ್ಗಲು ಹೋದಳು. ಆಸ್ಪತ್ರೆಯಕ್ಕ ಸುತ್ತಿದ ಕೈಯನ್ನು ಅಡ್ಡ ಇಟ್ಟು ತಡೆದಳು. "ನೀನು ಕೂತ್ಕೊ. ಅವಳು ಮಾಡ್ಲಿ. ನನ್ನ ಕೈ ವಾಸಿಯಾಗೋವರೆಗೂ ದಿನಾ ಬರ್ಲಿ."

ಅಂಗಿಯ ತೋಳು ಮಡಿಸಿ ಕೂತೆ. ಬೂದಿ ತೆಗೆದು ಉಜ್ಜತೊಡಗಿದೆ. ಉಗುರಿನ ಬುಡ ಉರಿಯಿತು. ಹಿಂದೆ ಚಿಕ್ಕಮ್ಮ ಬರಿನೆಲದ ಮೇಲೆ ಕೂತಿದ್ದಳು. ಬಹಳ ಹೊತ್ತಾದ ಮೇಲೆ ಆಸ್ಪತ್ರೆಯಕ್ಕ ಮಣೆಯ ಮೇಲೆ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿದ ಸದ್ದು ಕೇಳಿಸಿತು. ನಾನು ತಿರುಗಿ ನೋಡಲು ಹೋದೆ.

"ಇಲ್ಲೇನು ನೋಡ್ತೀಯ? ಒತ್ತಿ ಉಜ್ಜು" ಎಂದಳು ಆಸ್ಪತ್ರೆಯಕ್ಕ. "ತಳ ಕಾಣ್ಬೇಕು."